ಒಳಬದಿಗೆ ಸವೆದ ಬೂಟುಗಳು

ಹೊಸಪೇಟೆ

ಚೀನಾಕ್ಕೆ ಹೋಗಿ ಬಂದವರು ಮಹಾಗೋಡೆಯ ಬಗ್ಗೆ ಬರೆಯುತ್ತಾರೆ. ನಾನು ಅದನ್ನು ನೋಡಲಿಲ್ಲ. ನೋಡಬೇಕಾದರೆ ನೂರಾರು ಮೆಟ್ಟಿಲು ಹತ್ತಬೇಕಂತೆ, ನನ್ನ ಬಲಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಇಪ್ಪತ್ತೆರಡು ದಿನ ಆ ದೇಶದಲ್ಲಿದ್ದು ನಾನು ಕಣ್ತುಂಬ ನೋಡಿದ್ದು ಮೂರೇ: ಒಂದು ಮೈದಾನ, ಒಂದು ಅಡುಗೆಮನೆ, ಮತ್ತು ನನ್ನದೇ ಬೂಟಿನ ತಳ. ಬೂಟಿನ ತಳ ನೋಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು ನೆಂಟರು ನಕ್ಕರು. ಹೋಗಬೇಕಿತ್ತು ಅಂತಲೇ ನನಗೆ ಕಾಣುತ್ತದೆ.

ಹಗಲಿನಲ್ಲಿ ನಾನು ಸಂಡೂರಿನ ಗಣಿಯೊಂದರಲ್ಲಿ ಗುಮಾಸ್ತ. ಅದಿರಿನ ಲಾರಿಗಳನ್ನು ವೇಬ್ರಿಜ್ ಮೇಲೆ ನಿಲ್ಲಿಸಿ, ತೂಕ ನೋಡಿ, ಚೀಟಿ ಹರಿದು ಕೊಡುವುದು ನನ್ನ ಕೆಲಸ. ಸಂಜೆ ಹೊಸಪೇಟೆಯ ಶಾಲೆಯೊಂದರ ಅಂಗಳದಲ್ಲಿ ಕುಂಗ್‌ಫೂ ಮಾಸ್ತರ. ಭಾನುವಾರ ಬೆಳಿಗ್ಗೆ ಕಂಪ್ಲಿಯ ಕಲ್ಯಾಣ ಮಂಟಪದ ಅಂಗಳದಲ್ಲಿ ಅದೇ ಕೆಲಸ. ಇಪ್ಪತ್ತನಾಲ್ಕು ವರ್ಷಗಳಿಂದ ಹೀಗೆಯೇ ನಡೆದಿದೆ. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಲಾರಿ ಡ್ರೈವರುಗಳನ್ನು ಈ ಮಣ್ಣೆಲ್ಲ ಎಲ್ಲಿಗೆ ಎಂದು ಕೇಳಿದರೆ, ಚೀನಾಕ್ಕೆ ಎನ್ನುತ್ತಿದ್ದರು. ನಮ್ಮ ಗುಡ್ಡ ಅತ್ತ ಹೋಯಿತು, ಅತ್ತಲಿಂದ ಕುಂಗ್‌ಫೂ ಮತ್ತು ಗೋಬಿ ಮಂಚೂರಿ ಬಂದವು ಎಂದು ನಾನು ತಮಾಷೆ ಮಾಡುತ್ತಿದ್ದೆ. ಎರಡನ್ನೂ ನಾನು ಬಿಟ್ಟಿರಲಾರೆ. ಕ್ಲಾಸು ಮುಗಿದ ಮೇಲೆ ಒಂದು ಪ್ಲೇಟು ಗೋಬಿ ತಿನ್ನದೆ ಮನೆಗೆ ಹೋದ ದಿನಗಳು ಕಡಿಮೆ.

ಆ ಗೋಬಿ ಹುಲಿಗೆಪ್ಪನದು. ಬಸ್‌ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವನ ಚೈನೀಸ್ ತಳ್ಳುಗಾಡಿ ನಿಲ್ಲುತ್ತದೆ. ಅವನು ಕಂಪ್ಲಿಯವನು, ಒಂದು ಕಾಲದಲ್ಲಿ ನನ್ನ ಶಿಷ್ಯರಲ್ಲೆಲ್ಲ ಚುರುಕಾದವನು. ಒಂಬತ್ತು ವರ್ಷದ ಹಿಂದೆ ಕಂಪ್ಲಿಯಲ್ಲಿ ನಮ್ಮ ಪ್ರದರ್ಶನವಿತ್ತು. ಅಪ್ಪ ಅಮ್ಮಂದಿರು ಕುರ್ಚಿ ಹಾಕಿಕೊಂಡು ಕೂತಿದ್ದರು. ಶುರುವಾಗುವ ಮೊದಲು ಅವನು ಬಂದು, ಮೊಣಕಾಲು ಹಿಡಿದುಕೊಂಡಿದೆ, ಇವತ್ತು ಜಿಗಿಯುವುದು ಬೇಡ ಎಂದ. ನಾನು ಕೈಯಲ್ಲಿದ್ದ ಮೈಕಿನಲ್ಲಿಯೇ, ಎಲ್ಲರಿಗೂ ಕೇಳುವಂತೆ, "ಇವನಿಗೆ ನೋವಂತೆ. ಇದು ನೋವಲ್ಲ, ನೆಪ. ಹೇಡಿಗಳಿಗೆ ಇಲ್ಲಿ ಜಾಗ ಇಲ್ಲ," ಎಂದುಬಿಟ್ಟೆ. ಜನ ನಕ್ಕರು. ಅವನು ಜಿಗಿದ, ಬಿದ್ದ, ಎದ್ದು ಕುಂಟುತ್ತ ಹೋದ. ಮತ್ತೆ ಕ್ಲಾಸಿಗೆ ಬರಲಿಲ್ಲ. ಬಳ್ಳಾರಿಯಲ್ಲಿ ಆಪರೇಷನ್ ಆಯಿತೆಂದು ಯಾರೋ ಹೇಳಿದರು. ಅಭ್ಯಾಸ ತಪ್ಪಿಸಿದ್ದಕ್ಕೇ ಬಿದ್ದ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅವನು ಗಾಡಿ ಹಾಕಿದ, ನಾನು ಅಲ್ಲಿ ತಿನ್ನತೊಡಗಿದೆ. ಆ ದಿನದ ಮಾತು ಇಬ್ಬರೂ ಎತ್ತಲಿಲ್ಲ.

ಹೋದ ವರ್ಷ ಕಂಪ್ಲಿಯಲ್ಲಿ ಇನ್ನಿಬ್ಬರು ಮಕ್ಕಳು ಮೊಣಕಾಲು ನೋವೆಂದು ಕ್ಲಾಸು ಬಿಟ್ಟರು. ಇನ್ನೂ ಬರುತ್ತಿದ್ದ ರೇಣುಕಾ ಎಂಬ ಹುಡುಗಿಯ ತಾಯಿ, ಕ್ಲಾಸು ಮುಗಿದ ಮೇಲೆ ಮಗಳನ್ನು ಕರೆದೊಯ್ಯಲು ಬಂದವರು, ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

"ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕ್ಲಾಸಿಗೆ ಬರೋ ಹುಡುಗ್ರದ್ದ ಮೊಣಕಾಲು ಯಾಕ ನೋಯ್ತಾವು?"

ನನಗೆ ಸಿಟ್ಟು ಬಂತು. ಮೊಬೈಲು ಹಿಡಿದು ಕೂತರೆ ಮೊಣಕಾಲು ನೋಯದೆ ಏನು ಮಾಡುತ್ತದೆ ಎಂದು ಏನೋ ಹೇಳಿ ಜಾರಿಕೊಂಡೆ. ಆದರೆ ಆ ಪ್ರಶ್ನೆ ಜೊತೆಗೇ ಮನೆಗೆ ಬಂತು. ನನ್ನ ಕಾಲೂ ನೋಯುತ್ತಿತ್ತಲ್ಲ. ಚೀನಾದ ಹೆನಾನ್ ಪ್ರಾಂತ್ಯದ ಬೆಟ್ಟದ ಊರೊಂದರಲ್ಲಿ ಹೊರದೇಶದವರಿಗೆ ಮೂರು ವಾರದ ತರಬೇತಿ ಇದೆಯೆಂದು ತಿಳಿದಾಗ ರಜೆಗಳನ್ನೆಲ್ಲ ಒಟ್ಟುಹಾಕಿದೆ. ನಾನು ಹೊರಟದ್ದು ಕಲಿಯಲು ಅಂತ ಊರಿಗೆಲ್ಲ ಹೇಳಿದ್ದೆ. ಖರೆ ಹೇಳಬೇಕೆಂದರೆ, ಬಲ್ಲವರೊಬ್ಬರು ನನ್ನ ನಿಲುವು ನೋಡಿ "ನೀನು ಕಲಿಸಿದ್ದು ಸರಿ" ಅನ್ನಬೇಕಿತ್ತು. ಆ ಮಾತನ್ನು ತಂದು ಆ ತಾಯಿಗೆ ಹೇಳಬೇಕಿತ್ತು.

"ಈ ಕಾಲು ಇಟ್ಕೊಂಡು ಸಂಡೂರು ಬಸ್ ಹತ್ತಾಕ ಆಗವಲ್ದು, ಚೀನಾಕ್ಕ ಹೊಂಟ್ರಿ," ಎಂದಳು ನನ್ನ ಹೆಂಡತಿ.

ಹುಲಿಗೆಪ್ಪ ಮಾತ್ರ ಒಂದು ಕೆಲಸ ಹಚ್ಚಿದ. "ಸರ, ಗೋಬಿಗೆ ಕಲರ್ ಹಾಕಬಾರ್ದು ಅಂತ ಸರಕಾರದವ್ರು ಅಂದಾಗಿಂದ ಜನ ಅದರ ಮುಖ ನೋಡಿ ಮೂಗು ಮುರೀತಾರ. ಅಲ್ಲಿ ಖರೇ ಚೈನೀಸ್‌ನವ್ರು ಕಲರ್ ಇಲ್ದ ಹೆಂಗ ಮಾಡ್ತಾರ, ಒಂದೀಟು ನೋಡಿ ಬರ್ರಿ."

ಹಾಂಕಾಂಗ್

ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ನನ್ನ ಚೀಲ ಮಾನ ಕಳೆಯಿತು. ಅದು ವರ್ಷಗಟ್ಟಲೆ ನನ್ನೊಂದಿಗೆ ಸಂಡೂರಿಗೆ ಓಡಾಡಿದ ಚೀಲ. ಎಷ್ಟು ಒಗೆದರೂ ಹೊಲಿಗೆಯ ಸಂದಿಯಲ್ಲಿ ಕೆಂಪು ಧೂಳು ಉಳಿಯುತ್ತದೆ. ತಪಾಸಣೆಯ ಟ್ರೇಯಲ್ಲಿ ಇಟ್ಟೊಡನೆ ಟ್ರೇ ಕೆಂಪಗಾಯಿತು. ಅಧಿಕಾರಿ ಬೆರಳಿಂದ ಒರೆಸಿ, ಮೂಸಿ, ಇದೇನು ಎಂದ. ಸಂಡೂರು ಎಂದೆ. ಅವನಿಗೆ ತಿಳಿಯಲಿಲ್ಲ. ಗುಡ್ಡಕ್ಕೆ ಗುಡ್ಡವೇ ಹಡಗು ಹತ್ತಿ ಹೋದಾಗ ಯಾರೂ ಬೆರಳಾಡಿಸಲಿಲ್ಲ, ನನ್ನ ಚಿಟಿಕೆ ಮಣ್ಣಿಗೆ ಇಬ್ಬರು ಅಧಿಕಾರಿಗಳು ಬಂದರು.

ವಿಮಾನದಲ್ಲಿ ಐದೂವರೆ ತಾಸು ಮಡಚಿಕೊಂಡು ಕೂತ ಮೇಲೆ ಮೊಣಕಾಲು ಬೀಗ ಹಾಕಿಕೊಂಡಿತು. ಹಾಂಕಾಂಗಿನಲ್ಲಿ ಎಲ್ಲರೂ ಇಳಿದರು, ನಾನು ಸೀಟಿನ ಬೆನ್ನು ಹಿಡಿದುಕೊಂಡು ನಿಂತೇ ಇದ್ದೆ. ಗಗನಸಖಿ ಬಂದು ವೀಲ್‌ಚೇರ್ ತರಿಸಲೇ ಎಂದಳು. ನನ್ನ ಟೀ ಶರ್ಟಿನ ಮೇಲೆ ಜಿಗಿದು ಒದೆಯುವವನ ಚಿತ್ರವಿತ್ತು. ಬೇಡವೆಂದೆ. ಆ ಬೇಡಕ್ಕೆ ತಕ್ಕ ಶಿಕ್ಷೆಯಾಗಿ ಆ ನಿಲ್ದಾಣದ ಉದ್ದಕ್ಕೂ, ಹೊಸಪೇಟೆಯಿಂದ ಕಮಲಾಪುರದವರೆಗೆ ನಡೆದಷ್ಟು, ಕುಂಟುತ್ತ ನಡೆದೆ. ನನ್ನನ್ನು ದಾಟಿ ಹೋದವರಲ್ಲಿ ಎಂಬತ್ತರ ಮುದುಕಿಯೂ ಇದ್ದಳು.

ಮುಂದಿನ ವಿಮಾನಕ್ಕೆ ಬಹಳ ಹೊತ್ತಿತ್ತು. ಬಾಯಾರಿ ಕುಡಿಯುವ ನೀರಿನ ನಲ್ಲಿ ತಿರುವಿದರೆ ಬಿಸಿನೀರು ಬಂತು. ಪಕ್ಕದ ನಲ್ಲಿಯೂ ಬಿಸಿಯೇ. ಎಲ್ಲರೂ ಫ್ಲಾಸ್ಕಿಗೆ ತುಂಬಿಕೊಂಡು ಊದಿ ಊದಿ ಕುಡಿಯುತ್ತಿದ್ದರು. ನಮ್ಮಲ್ಲಿ ಬಿಸಿನೀರು ಕುಡಿದರೆ ಏನಾಗೈತಿ ಆರಾಮಿಲ್ಲೇನು ಎಂದು ನೆರೆಮನೆಯವರು ಬಂದು ಕೇಳುತ್ತಾರೆ. ಇಪ್ಪತ್ತೆರಡು ದಿನದಲ್ಲಿ ಈ ಒಂದು ಅಭ್ಯಾಸ ಮಾತ್ರ ನನಗೆ ಪೂರ್ತಿ ಹತ್ತಿತು.

ಝೆಂಗ್‌ಝೌ

ಈ ಊರಿಗೆ ಬಂದಿಳಿದಾಗ ಮಧ್ಯಾಹ್ನ. ಬೆಟ್ಟದ ಊರಿನ ಬಸ್ಸು ಮರುದಿನಕ್ಕಿತ್ತು. ಹಸಿವೆ ಜೋರಾಗಿತ್ತು, ಅದಕ್ಕಿಂತ ಜೋರಾಗಿ ಆಸೆ. ಜೀವಮಾನವೆಲ್ಲ ಚೈನೀಸ್ ತಿಂದವನು ಚೀನಾದಲ್ಲಿ ಮೊದಲ ಊಟಕ್ಕೆ ಕೂತಿದ್ದೇನೆ! ಸಣ್ಣ ಹೋಟೆಲು, ನಾಲ್ಕು ಮೇಜು. ಮಾತು ಬಾರದ್ದರಿಂದ ಮೊಬೈಲಿನಲ್ಲಿದ್ದ ಹುಲಿಗೆಪ್ಪನ ಗೋಬಿಯ ಫೋಟೋ ತೆಗೆದು ಮಾಲೀಕನಿಗೆ ತೋರಿಸಿದೆ. ಕಲರ್ ನಿಲ್ಲುವ ಮೊದಲಿನ ಫೋಟೋ, ಕುಂಕುಮದ ಹಾಗೆ ಹೊಳೆಯುತ್ತಿತ್ತು. ಅವನು ಕನ್ನಡಕ ಹಾಕಿಕೊಂಡು ನೋಡಿದ. ಹೆಂಡತಿಯನ್ನು ಕರೆದ. ಆಕೆ ಮಗಳನ್ನು ಕರೆದಳು. ಮೂವರೂ ಸೇರಿ ಚರ್ಚೆ ಮಾಡಿದರು. ಅದು ಸಿಹಿಯೋ ಮಾಂಸವೋ ಎಂಬಲ್ಲಿಯೇ ಅವರಿಗೆ ಒಮ್ಮತ ಬಂದಂತೆ ಕಾಣಲಿಲ್ಲ. ಮಂಚೂರಿಯಾ ಅವರ ನಕಾಶೆಯಲ್ಲಿದೆ, ತಟ್ಟೆಯಲ್ಲಿ ಇಲ್ಲ.

ಕೊನೆಗೆ ಅವರೇ ತೀರ್ಮಾನಿಸಿ ಬೋಗುಣಿಯಷ್ಟು ದೊಡ್ಡ ಬಟ್ಟಲು ತಂದಿಟ್ಟರು. ಕುರಿಯ ಎಲುಬಿನ ಬಿಳಿ ಸಾರು, ಅದರಲ್ಲಿ ಬೆಲ್ಟಿನಷ್ಟು ಅಗಲದ ಗೋಧಿ ನೂಡಲ್ಸು. ಫ್ರೈಡ್ ರೈಸ್ ಎಂದರೆ ಕೈಯಾಡಿಸಿದರು. ಅದು ಗೋಧಿಯ ಸೀಮೆ. ನಮ್ಮ ಕಂಪ್ಲಿಯ ಗದ್ದೆಯ ಸೋನಾ ಮಸೂರಿ ತಿಂದು ಬೆಳೆದವನು ನಾನು, ಅನ್ನದ ದೇಶವೆಂದು ನಂಬಿ ಹೋಗಿ ಅನ್ನವಿಲ್ಲದ ಮೂಲೆಗೆ ಬಂದಿದ್ದೆ. ಎರಡು ಕಡ್ಡಿಯಿಂದ ಆ ಬೆಲ್ಟುಗಳನ್ನು ಹಿಡಿಯಲು ಹೋಗಿ ಸಾರು ಅಂಗಿಗೆ ಹಾರಿತು. ಪಕ್ಕದ ಮೇಜಿನ ಮುದುಕ ಬಟ್ಟಲನ್ನೇ ಬಾಯಿಗೆ ಹಚ್ಚಿ ಸುರ್ರೆಂದು ಎಳೆದು ತೋರಿಸಿದ. ಮನೆಯಲ್ಲಿ ಹಾಗೆ ಸದ್ದು ಮಾಡಿದ್ದಕ್ಕೆ ಅವ್ವನ ಕೈಯಲ್ಲಿ ಪೆಟ್ಟು ತಿಂದವನು ನಾನು. ಐವತ್ತೊಂದನೆಯ ವಯಸ್ಸಿನಲ್ಲಿ ಧೈರ್ಯ ಮಾಡಿ ಎಳೆದೆ. ರುಚಿಯಾಗಿತ್ತು. ಆದರೂ ಒಂದು ಚೂರು ಖಾರಕ್ಕಾಗಿ ಜೀವ ಹಾತೊರೆಯಿತು.

ಬೆಟ್ಟದ ಊರು, ಮೊದಲ ದಿನಗಳು

ಶಾಲೆ ಊರ ಹೊರಗಿತ್ತು. ನಾವು ಹನ್ನೊಂದು ಮಂದಿ ಹೊರದೇಶದವರು, ಅದರಲ್ಲಿ ನಾನೇ ಹಿರಿಯ. ಕಲಿಸುವವರು ಗುವೋ ಮಾಸ್ತರು, ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಮಾತು ಕಡಿಮೆ. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಆಫೀಸಿನ ಮೇಯ್ ಎಂಬ ತರುಣಿ ಇದ್ದಳು. ಬೆಳಿಗ್ಗೆ ಐದೂವರೆಗೆ ಸಿಳ್ಳೆ. ಕೋಣೆ ಮೂರನೆಯ ಮಹಡಿಯಲ್ಲಿ, ಪಾಯಿಖಾನೆ ಕೂರುವ ಮಾದರಿಯದಲ್ಲ, ಕುಕ್ಕರಿಸುವ ಮಾದರಿಯದು. ನನ್ನ ದಿನದ ಅತಿ ಕಷ್ಟದ ಕಸರತ್ತು ಮೈದಾನಕ್ಕೆ ಹೋಗುವ ಮೊದಲೇ ಮುಗಿದಿರುತ್ತಿತ್ತು.

ಮೈದಾನದ ಆಚೆಗೆ ಊರಿನ ಉದ್ಯಾನ. ಅಲ್ಲಿ ಬೆಳಿಗ್ಗೆ ಮುದುಕ ಮುದುಕಿಯರು ಹಿಂದೆ ಹಿಂದೆ ನಡೆಯುತ್ತಿದ್ದರು. ಕೆಲವರು ಮರಕ್ಕೆ ಬೆನ್ನು ಕೊಟ್ಟು ದಬ್ ದಬ್ ಎಂದು ಬಡಿದುಕೊಳ್ಳುತ್ತಿದ್ದರು. ಹೊಸಪೇಟೆಯಲ್ಲಿ ಯಾರಾದರೂ ಹೀಗೆ ಹಿಮ್ಮುಖವಾಗಿ ನಡೆದರೆ ಮನೆಗೆ ಫೋನು ಹೋಗುತ್ತದೆ. ಅದು ಮೊಣಕಾಲಿಗೆ ಒಳ್ಳೆಯದು ಎಂದಳು ಮೇಯ್. ಯಾರೂ ನೋಡದಾಗ ನಾನೂ ಹತ್ತು ಹೆಜ್ಜೆ ಹಿಂದೆ ನಡೆದು, ಕಸದ ಡಬ್ಬಿಗೆ ಗುದ್ದಿಕೊಂಡೆ.

ಮೊದಲ ವಾರ ಗುವೋ ಮಾಸ್ತರು ನನ್ನನ್ನು ತಿದ್ದಲಿಲ್ಲ, ಹೊಗಳಲೂ ಇಲ್ಲ. ಬರೀ ನಡೆಸಿದರು, ನಿಲ್ಲಿಸಿದರು, ಮತ್ತೆ ನಡೆಸಿದರು. ಒದೆತ ಇಲ್ಲ, ಜಿಗಿತ ಇಲ್ಲ. ಇಪ್ಪತ್ತನಾಲ್ಕು ವರ್ಷದ ಮಾಸ್ತರನಿಗೆ ಇದು ಅಂಗನವಾಡಿಯ ಪಾಠ ಅನ್ನಿಸಿತು. ಸಂಜೆ ಹೊತ್ತು ಮೈಯೆಲ್ಲ ಹಣ್ಣಾಗಿ ಹಾಸಿಗೆಗೆ ಬಿದ್ದರೆ, ಯಾಕಾದರೂ ಬಂದೆನೋ ಎಂದು ಬೇಸರವಾಗುತ್ತಿತ್ತು. ಮಾಸ್ತರರ ಬಾಯಿಂದ ನನಗೆ ಬೇಕಾದ ಮಾತು ಬರುವ ಲಕ್ಷಣವೇ ಇರಲಿಲ್ಲ.

ಎರಡನೆಯ ಸೋಮವಾರ

ಆ ಸೋಮವಾರ ಅವರು ಎಲ್ಲರ ಬೂಟು ಬಿಚ್ಚಿಸಿದರು. ಮೈದಾನದ ಅಂಚಿನ ಮೋಟುಗೋಡೆಯ ಮೇಲೆ ತಳ ಮೇಲಾಗಿಸಿ ಸಾಲಾಗಿ ಇಡಿಸಿದರು. ಹೊಸಬರು ಬಂದಾಗ ಒಂದು ವಾರ ಬಿಟ್ಟು ಹೀಗೆ ನೋಡುವುದು ಅವರ ಪದ್ಧತಿಯಂತೆ. ಸಂತೆಯಲ್ಲಿ ಬದನೆಕಾಯಿ ನೋಡುವವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಜೋಡಿ ನೋಡುತ್ತ ಬಂದರು. ನನ್ನದರ ಮುಂದೆ ನಿಂತರು. ಹೊಸಪೇಟೆಯಿಂದ ಒಯ್ದ, ನಾಲ್ಕು ವರ್ಷ ಹಾಕಿದ ಕ್ಯಾನ್ವಾಸ್ ಬೂಟು. ಎತ್ತಿ ತಿರುಗಿಸಿ, ಬೆರಳಿನಿಂದ ಒಳ ಅಂಚನ್ನು ಸವರಿದರು. ಅಲ್ಲಿ ರಬ್ಬರು ಸವೆದು ಬಟ್ಟೆ ಕಾಣುತ್ತಿತ್ತು, ಹೊರ ಅಂಚು ಮಾತ್ರ ಅಂಗಡಿಯಿಂದ ತಂದ ಹಾಗೆಯೇ ಇತ್ತು.

"ಬಲಮೊಣಕಾಲು, ಒಳಬದಿಗೆ ನೋವು. ಹೌದೇ?" ಎಂದು ಮೇಯ್ ಕೇಳಿದಳು.

ನಾನು ನೋವಿನ ಮಾತು ಅವರಿಗೆ ಹೇಳಿಯೇ ಇರಲಿಲ್ಲ. ಹೂಂ ಎಂದೆ.

ಕುದುರೆ ಸವಾರಿಯ ನಿಲುವಿನಲ್ಲಿ ನಿಲ್ಲಲು ಹೇಳಿದರು. ಕಾಲು ಅಗಲಿಸಿ, ಕುದುರೆಯ ಮೇಲೆ ಕೂತಂತೆ ಕುಗ್ಗಿ ನಿಲ್ಲುವುದು, ನಮ್ಮ ವಿದ್ಯೆಯ ಮೊದಲ ಪಾಠ. ಇದೇ ತಕ್ಕ ಸಮಯವೆಂದು ನಾನು ತೊಡೆ ನೆಲಕ್ಕೆ ಸಮವಾಗುವಷ್ಟು ಕೆಳಗಿಳಿದೆ. ಮೂವತ್ತರ ಹುಡುಗರೂ ಅಷ್ಟು ಇಳಿದಿರಲಿಲ್ಲ. ಮಾಸ್ತರರು ಒಂದು ಬಿದಿರು ಕಡ್ಡಿಯನ್ನು ನನ್ನ ಮೊಣಕಾಲಿನಿಂದ ನೇರ ಕೆಳಗೆ ಹಿಡಿದರು. ಕಡ್ಡಿ ಪಾದದ ಮೇಲೆ ಬೀಳಬೇಕಿತ್ತು. ಹೆಬ್ಬೆರಳನ್ನೂ ದಾಟಿ ಒಳಗೆ, ಖಾಲಿ ನೆಲದ ಮೇಲೆ ಬಿತ್ತು.

"ನಿಮ್ಮ ವಿದ್ಯಾರ್ಥಿಗಳ ಫೋಟೋ ಇದೆಯೇ?" ಎಂದು ಮೇಯ್ ಮೂಲಕ ಕೇಳಿಸಿದರು.

ಇತ್ತು. ಪ್ರತಿ ವರ್ಷ ಮಕ್ಕಳನ್ನು ಹಂಪಿಗೆ ಕರೆದೊಯ್ಯುತ್ತೇನೆ. ಬಜಾರಿನ ಕಲ್ಲು ಮಂಟಪಗಳ ಸಾಲಿನ ಮುಂದೆ, ಹಾಸುಗಲ್ಲಿನ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಕಪ್ಪೆಯ ಹಾಗೆ ಕುಪ್ಪಳಿಸುವುದು ನಮ್ಮ ಪದ್ಧತಿ. ಪ್ರವಾಸಿಗರು ವಿಡಿಯೋ ಮಾಡುತ್ತಾರೆ, ಮಕ್ಕಳು ಹಿಗ್ಗುತ್ತಾರೆ. ಆಮೇಲೆ ಮೂವತ್ತೆರಡು ಮಕ್ಕಳೂ ಸಾಲಾಗಿ ಕುದುರೆ ನಿಲುವಿನಲ್ಲಿ ನಿಂತು ಫೋಟೋ. ಅದನ್ನು ತೋರಿಸಬೇಕೆಂದೇ ನಾನು ಒಯ್ದಿದ್ದೆ. ಮಾಸ್ತರರು ಫೋನು ಹಿಡಿದು ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದರು. ಮಕ್ಕಳ ಮುಖ ನೋಡಲಿಲ್ಲ. ಎಡದಿಂದ ಶುರುಮಾಡಿ ಒಂದೊಂದೇ ಮೊಣಕಾಲು ನೋಡುತ್ತ ಹೋದರು. ಪಕ್ಕದಲ್ಲಿ ನಿಂತು ನಾನೂ ನೋಡಿದೆ. ಎಲ್ಲವೂ ಒಳಕ್ಕೆ. ಮೂವತ್ತೆರಡೂ.

ಅವರು ಮೇಯ್‌ಗೆ ಏನೋ ಹೇಳಿದರು. ಆಕೆ ಸ್ವಲ್ಪ ತಡೆದು ಹೇಳಿದಳು: "ನೀವು ಚೆನ್ನಾಗಿ ಕಲಿಸುತ್ತೀರಿ ಅನ್ನುತ್ತಾರೆ. ಎಲ್ಲರೂ ನಿಮ್ಮ ಹಾಗೆಯೇ ನಿಂತಿದ್ದಾರೆ."

ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಕ್ಲಾಸಿನ ಹೊರಗೆ ಮಕ್ಕಳು ಬಿಟ್ಟ ಚಪ್ಪಲಿಗಳು ಕಣ್ಣ ಮುಂದೆ ಬಂದವು. ಸಾಲಾಗಿ ಬಿಟ್ಟಿರಬೇಕೆಂದು ದಿನವೂ ಗದರುವವನು ನಾನು, ಅವು ಎಲ್ಲಿ ಸವೆದಿವೆಯೆಂದು ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಆ ಹೊತ್ತಿಗೆ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ. ಕೂರಬೇಕೆನ್ನಿಸಿತು, ಆದರೆ ನಿಂತೇ ಇದ್ದೆ.

ಅಡುಗೆಮನೆ

ಆಮೇಲಿನ ದಿನಗಳಲ್ಲಿ ನನ್ನನ್ನು ಮೊದಲಿಂದ ನಿಲ್ಲಿಸಿದರು. ಸೊಂಟವನ್ನು ಅರ್ಧ ಮಾತ್ರ ಇಳಿಸುವುದು, ಮೊಣಕಾಲನ್ನು ಕಿರುಬೆರಳ ಕಡೆ ಒತ್ತಿ ಹಿಡಿಯುವುದು. ನೋಡಲು ಏನೂ ಚೆಂದವಿಲ್ಲ. ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ ಕಾಣುತ್ತಿದ್ದೆ. ಜಿಗಿಯುವ ಪಾಠ ಬಂದಾಗ ಮಾಸ್ತರರು ಎಲ್ಲರನ್ನೂ ಸಿಮೆಂಟು ಬಿಟ್ಟು ಮಣ್ಣಿಗೆ ಇಳಿಸಿದರು. ಗಟ್ಟಿ ನೆಲದ ಮೇಲೆ ಮಕ್ಕಳನ್ನು ಜಿಗಿಸುವುದಿಲ್ಲ ಎಂದರು.

ತಪ್ಪನ್ನು ನನಗೆ ಕಲಿಸಿದ ಗುರುಗಳ ಮೇಲೆ ಹಾಕೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಅವರು ನಮಗೆ ಕಲಿಸಿದ್ದು ಕಂಪ್ಲಿಯ ಹೊಳೆಯ ಮರಳಿನಲ್ಲಿ. ಅಲ್ಲಿಂದ ಸಿಮೆಂಟಿಗೆ ಬಂದವನು ನಾನು. ಮಕ್ಕಳ ಬಟ್ಟೆ ಕೊಳೆಯಾಗುತ್ತದೆಂದು ಎಲ್ಲರಿಗೂ ಹೇಳಿದ್ದೆ. ನಿಜವಾದ ಕಾರಣ ಬೇರೆ. ಸಿಮೆಂಟಿನ ಮೇಲೆ ಜಿಗಿದರೆ ಸದ್ದು ಬರುತ್ತದೆ, ಸದ್ದು ಬಂದರೆ ನೋಡುವವರು ಚಪ್ಪಾಳೆ ತಟ್ಟುತ್ತಾರೆ. ನಾನು ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಕೂಗಿದ್ದೂ ಅದಕ್ಕೇ. ತಡವಾಗಿ ಬಂದವರಿಗೆ ಅದೇ ನೆಲದ ಮೇಲೆ ನೂರು ಬಸ್ಕಿ.

ಸಂಜೆ ಹೊತ್ತು ನನಗೆ ಅಡುಗೆಮನೆಯೇ ಸಮಾಧಾನದ ಜಾಗ. ಅಡುಗೆಯಾಕೆಯನ್ನು ಎಲ್ಲರೂ ಝಾಂಗ್ ಆಯಿ ಎನ್ನುತ್ತಿದ್ದರು. ಅವರಲ್ಲಿ ಆಯಿ ಎಂದರೆ ಚಿಕ್ಕಮ್ಮನಂಥವಳು, ನಮ್ಮ ಕಡೆ ಅಜ್ಜಿ. ಹಾಗಾಗಿ ಆ ಹೆಸರು ಒಂದೇ ನನ್ನ ನಾಲಿಗೆಗೆ ಸಲೀಸಾಗಿ ಬಂತು. ಬೆಳಿಗ್ಗೆ ಆಕೆ ಮಾಡುವ ಗಟ್ಟಿ ಮೆಣಸಿನ ಸಾರು ನನ್ನ ಜೀವ ಉಳಿಸಿತ್ತು. ಅದರಲ್ಲಿ ಹಬೆಯ ಬ್ರೆಡ್ಡು ಮುರಿದು ಹಾಕಿಕೊಂಡರೆ ಊರಿನ ಮಂಡಕ್ಕಿ ವಗ್ಗಾಣಿ ಮಿರ್ಚಿಯ ನೆನಪು ಅರ್ಧ ತಾಸಿನ ಮಟ್ಟಿಗಾದರೂ ದೂರವಾಗುತ್ತಿತ್ತು. ಒಂದು ಸಂಜೆ ಆಕೆ ಹೂಕೋಸು ಬಿಡಿಸುತ್ತಿದ್ದಳು. ನಾನು ಎದ್ದು ನಿಂತೆ. ಚೀನಾದಲ್ಲಿ ಕೊನೆಗೂ ಗೋಬಿ!

ಆಕೆ ಹಿಟ್ಟು ಕಲಸಲಿಲ್ಲ. ಕಾದ ಬಾಣಲೆಗೆ ಎಣ್ಣೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಅದರ ಮೇಲೆ ಹೂಕೋಸು. ಅಂಚು ಕಂದುವವರೆಗೆ ದೊಡ್ಡ ಉರಿಯಲ್ಲಿ ಎಗರಿಸಿದಳು, ಕೊನೆಗೆ ಒಂದು ಚಮಚ ಸೋಯಾ ಸಾಸು, ಅಷ್ಟೇ. ತಿಂದರೆ ಹೂಕೋಸು ಹೂಕೋಸಿನ ಹಾಗೆಯೇ ಇತ್ತು, ಕರುಂ ಕುರುಂ, ಹೊಗೆಯ ವಾಸನೆ. ಹುಲಿಗೆಪ್ಪನ ಗೋಬಿಯ ಫೋಟೋ ತೋರಿಸಿದೆ. ಆಕೆ ನೋಡಿ ಏನೋ ಹೇಳಿದಳು, ಮೇಯ್ ನಕ್ಕಳು.

"ತರಕಾರಿಗೆ ಇಷ್ಟು ದಪ್ಪ ಕೋಟು ಯಾಕೆ ಹಾಕಿದ್ದಾರೆ, ಏನು ಮುಚ್ಚಿಡುತ್ತಿದ್ದಾರೆ, ಅಂತ ಕೇಳುತ್ತಾರೆ ಆಯಿ."

ನಗಲು ಹೋದವನು ಫೋಟೋವನ್ನು ಮತ್ತೆ ನೋಡಿದೆ. ಆ ಫೋಟೋದಲ್ಲಿ ತಟ್ಟೆಯ ಹಿಂದೆ ಹುಲಿಗೆಪ್ಪನೂ ಇದ್ದ. ಮೈಯ ಭಾರವೆಲ್ಲ ಎಡಗಾಲಿಗೆ ಕೊಟ್ಟು, ಬಲಗಾಲನ್ನು ಗಾಡಿಯ ಚಕ್ರಕ್ಕೆ ಆನಿಸಿಕೊಂಡು ನಿಂತಿದ್ದ. ದಿನವೂ ಹಾಗೆಯೇ ನಿಲ್ಲುತ್ತಾನೆ. ಅದು ಅವನ ಗತ್ತು ಎಂದುಕೊಂಡಿದ್ದೆ.

ಹೊರಡುವ ಹಿಂದಿನ ದಿನ ಮೇಯ್ ಜೊತೆ ಗುವೋ ಮಾಸ್ತರರ ಬಳಿ ಹೋಗಿ ಹುಲಿಗೆಪ್ಪನ ಕಥೆಯೆಲ್ಲ ಹೇಳಿದೆ. ಮೈಕಿನ ಮಾತೂ ಬಿಡಲಿಲ್ಲ. ಅವನ ಮೊಣಕಾಲು ಹಾಳಾದದ್ದು ನನ್ನಿಂದಲೇ ಏನು ಎಂದು ಕೇಳಿದೆ. ಅಲ್ಲ ಎಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರು ಬಿಸಿನೀರು ಊದಿ ಕುಡಿದರು.

"ಆ ಮೊಣಕಾಲನ್ನು ನಾನು ನೋಡಿಲ್ಲ. ಅವನನ್ನೇ ಕೇಳಿ," ಎಂದರು.

ಸಂಡೂರು

ಊರಿಗೆ ಬಂದ ಮರುದಿನವೇ ಕೆಲಸಕ್ಕೆ ಹೋದೆ. ವೇಬ್ರಿಜ್ ಕೋಣೆಯಲ್ಲಿ ಎಲ್ಲರೂ ಸುತ್ತಿಕೊಂಡರು. ಹಾವು ತಿಂದ್ರೇನ್ರಿ, ಕಪ್ಪಿ ತಿಂದ್ರೇನ್ರಿ ಎಂದು ಕೇಳಿದರು. ಗೋಧಿ ತಿಂದೆ ಎಂದರೆ ಯಾರೂ ನಂಬಲಿಲ್ಲ. ಒಬ್ಬ ಡ್ರೈವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸರ, ಭಾಳ ಸೊರಗಿ ಬಂದೀರಿ," ಎಂದ.

ಮೂರು ಸಂಜೆ ನಾನು ಬಸ್ಸಿಳಿದು ಬೇರೆ ರಸ್ತೆ ಹಿಡಿದು ಮನೆಗೆ ಹೋದೆ. ಹುಲಿಗೆಪ್ಪನ ಗಾಡಿಯ ಕಡೆ ಹೋಗಲು ಧೈರ್ಯವಾಗಲಿಲ್ಲ. ಕ್ಲಾಸಿಗೂ ಹೋಗಲಿಲ್ಲ. ಪ್ರಯಾಣದ ದಣಿವು ಎಂದು ಮಕ್ಕಳಿಗೆ ಹೇಳಿ ಕಳಿಸಿದ್ದೆ. ಅದು ಪೂರ್ತಿ ಸುಳ್ಳಲ್ಲ.

ಹೊಸಪೇಟೆ, ನಾಲ್ಕನೆಯ ಸಂಜೆ

ಗಾಡಿಯ ಮುಂದೆ ಇನ್ನೂ ಗಿರಾಕಿಗಳಿರಲಿಲ್ಲ. ಅವನು ಎಲೆಕೋಸು ಹೆಚ್ಚುತ್ತಿದ್ದ.

"ಬರ್ರಿ ಸರ! ಯಾವಾಗ ಬಂದ್ರಿ? ಕುಂದ್ರಿ," ಎಂದು ಸ್ಟೂಲು ಒರೆಸಿದ. "ಹೇಳ್ರಿ, ಕಲರ್ ಇಲ್ದ ಹೆಂಗ ಮಾಡ್ತಾರ?"

ಹೇಳಿದೆ. ಹಿಟ್ಟಿಲ್ಲ, ದೊಡ್ಡ ಉರಿ, ಒಣಮೆಣಸಿನಕಾಯಿ. ಅವನು ಕೇಳಿಸಿಕೊಂಡು ತಲೆಯಾಡಿಸಿದ. ಹಿಟ್ಟಿಲ್ಲದಿದ್ದರೆ ಪ್ಲೇಟು ತುಂಬುವುದಿಲ್ಲ, ನಮ್ಮ ಜನ ಒಪ್ಪುವುದಿಲ್ಲ ಎಂದ. ಆಮೇಲೆ ಮಾತು ಮುಗಿಯಿತು. ನಾನು ಏಳಲಿಲ್ಲ, ತಿನ್ನಲು ಏನೂ ಹೇಳಲೂ ಇಲ್ಲ. ಅವನು ಚಾಕು ನಿಲ್ಲಿಸಿ ನನ್ನ ಮುಖ ನೋಡಿದ.

"ಹುಲಿಗೆಪ್ಪ, ನಿನ್ನ ಕಾಲು ಕೆಟ್ಟಿದ್ದು ನಾ ಕಲಿಸಿದ್ದಕ್ಕಲೇ?"

ಅವನು ಎಲೆಕೋಸನ್ನು ಒಂದು ಕಡೆ ಸರಿಸಿದ. ಚಾಕುವನ್ನು ಒರೆಸಿದ.

"ಬಳ್ಳಾರ್ಯಾಗ ಡಾಕ್ಟ್ರು ಅವತ್ತ ಹೇಳಿದ್ರು ಸರ. ಒಂದ ದಿನದ್ದಲ್ಲ ಇದು, ವರ್ಷಗಟ್ಲೆ ಮೊಣಕಾಲು ಒಳಗ ಬೀಳೋ ಹಂಗ ನಿಂದ್ರಿಸಿ ಸವಿಸ್ಯಾರ, ಯಾರು ನಿನ್ನ ಮಾಸ್ತರ ಅಂತ ಕೇಳಿದ್ರು. ನಾ ನಿಮ್ಮ ಹೆಸರು ಹೇಳಲಿಲ್ಲ."

"ನನಗರೆ ಹೇಳಬೇಕಿಲ್ಲೇನಲೇ? ಇಷ್ಟು ವರ್ಷ ದಿನಾ ಇಲ್ಲೇ ಕುಂತು ತಿಂದೀನಿ!"

"ಹೇಳಿದ್ನಲ್ರಿ ಸರ," ಎಂದ ಅವನು, ದನಿ ಏರಿಸದೆ. "ನೆಪ ಅಂದ್ರಿ."

ತಪ್ಪು ನಂದು, ಭಾಳ ದೊಡ್ಡ ತಪ್ಪು, ಎಂದೆ. ಅವನು ಒಲೆ ಹಚ್ಚಿದ, ಮತ್ತೆ ಆರಿಸಿದ. ಇಬ್ಬರು ಗಿರಾಕಿಗಳು ಬಂದರು, ಹತ್ತು ನಿಮಿಷ ಬಿಟ್ಟು ಬರ್ರಿ ಎಂದು ಕಳಿಸಿದ.

"ಇಲ್ಲಿ ನನ್ನೊಬ್ಬನ ಮುಂದ ಹೇಳಿದ್ರ ಏನ್ ಬಂತು ಸರ? 'ಹೇಡಿ' ಅಂದಿದ್ದು ಎಲ್ಲಾರ ಮುಂದ. ನಮ್ಮಪ್ಪ ಕುರ್ಚ್ಯಾಗ ಕುಂತಿದ್ದ. ಈಗ ಅವನಿಲ್ಲ, ಇರ್ಲಿ. ಕಂಪ್ಲ್ಯಾಗ ಅಂದಿದ್ರಿ, ಕಂಪ್ಲ್ಯಾಗ ಹೇಳ್ರಿ. ನಾ ಬರ್ತೀನಿ."

ಕಂಪ್ಲಿ

ಭಾನುವಾರ ಏಳು ಗಂಟೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ಚೀನಾದಿಂದ ಬಂದ ಸರ ಹೊಸ ಜಿಗಿತ ಕಲಿಸುತ್ತಾರೆಂದು ಎಲ್ಲರ ಮುಖದಲ್ಲೂ ಉಮೇದು. ಅಪ್ಪ ಅಮ್ಮಂದಿರಿಗೆ ಫೋನು ಮಾಡಿ ಇರಲು ಹೇಳಿದ್ದೆ, ಅವರು ಗೋಡೆಯ ನೆರಳಿಗೆ ಕೂತಿದ್ದರು. ಹುಲಿಗೆಪ್ಪ ಸ್ಕೂಟಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಒಳಗೆ ಬಾರದೆ ಅಲ್ಲಿಯೇ ನಿಂತ.

ರಾತ್ರಿಯೆಲ್ಲ ಜೋಡಿಸಿಟ್ಟ ಮಾತುಗಳು ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು:

"ಒಂಬತ್ತು ವರ್ಷದ ಹಿಂದ ಇದ ಅಂಗಳದಾಗ ಹುಲಿಗೆಪ್ಪಗ ನಾ ಹೇಡಿ ಅಂದಿದ್ದೆ. ಅವ ಹೇಡಿ ಅಲ್ಲ. ಅವನ ಕಾಲು ಖರೇನ ನೋಯ್ತಿತ್ತು. ನಾ ತಪ್ಪು ಕಲಿಸಿದ್ದಕ್ಕ ನೋಯ್ತಿತ್ತು. ಅವ ಹೇಳಿದ, ನಾ ಕೇಳಲಿಲ್ಲ. ನಿಮಗೂ ಹಂಗ ಕಲಿಸೀನಿ."

ಗೋಡೆಯ ಬಳಿ ಕೂತಿದ್ದ ಒಬ್ಬಿಬ್ಬರು ಎದ್ದು ನಿಂತರು. ಅವರು ಬೈಯಲಿ ಎಂದು ಕಾದೆ. ಬೈಗುಳದ ಬದಲು ಮುಂದಿನ ಸಾಲಿನಿಂದ ರೇಣುಕಾಳ ದನಿ ಬಂತು. ಆಕೆಗೆ ಹನ್ನೊಂದು ವರ್ಷ.

"ಹಂಗಾರ ನಮ್ಮ ಕಾಲೂ ಕೆಟ್ಟಾವೇನ್ರಿ ಸರ?"

ಇಲ್ಲ ಎನ್ನಬೇಕೆನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲವ್ವಾ," ಎಂದೆ.

ಆಗ ಹುಲಿಗೆಪ್ಪ ಗೇಟು ದಾಟಿ ಒಳಗೆ ಬಂದ. ಅಪ್ಪ ಅಮ್ಮಂದಿರ ಮುಂದೆ, ಮಕ್ಕಳ ಸಾಲಿನ ಮುಂದೆ ನಿಧಾನಕ್ಕೆ ನಡೆದು ರೇಣುಕಾಳ ಹತ್ತಿರ ನಿಂತ. ಅವನ ಬಲಗಾಲು ಮಡಚುವುದಿಲ್ಲ. ನನ್ನ ಭುಜದ ಮೇಲೆ ಭಾರ ಹಾಕಿ, ಆ ಕಾಲನ್ನು ಮುಂದಕ್ಕೆ ಚಾಚಿ, ಸಿಮೆಂಟಿನ ಮೇಲೆ ಕೂತ. ಅವನ ಭಾರ ಎಷ್ಟಿದೆಯೆಂದು ನನಗೆ ಅವತ್ತು ತಿಳಿಯಿತು.

"ನಿಂದ್ರವಾ, ಕುದುರಿ ಮ್ಯಾಲೆ ಕುಂತಂಗ," ಎಂದ.

ಆಕೆ ನಿಂತಳು. ಎರಡೂ ಮೊಣಕಾಲು ಒಳಕ್ಕೆ ಬಿದ್ದವು. ಅವನು ಎರಡೂ ಅಂಗೈ ಹಚ್ಚಿ ಅವನ್ನು ಮೆಲ್ಲಗೆ ಹೊರಗೆ ಒತ್ತಿ, ಹಿಡಿದುಕೊಂಡ.

"ಈಗ ನೋಯ್ತೈತೇನು?"

"ಇಲ್ರಿ."

"ಹಿಂಗ ಇರ್ಲಿ. ಕೆಳಗ ಇಳೀಬ್ಯಾಡ, ಯಾರು ಹೇಳಿದ್ರೂ ಇಳೀಬ್ಯಾಡ."

ಇನ್ನೂ ಇಪ್ಪತ್ತೈದು ಮಕ್ಕಳಿದ್ದರು. ಹುಲಿಗೆಪ್ಪ ನನ್ನ ಕಡೆ ತಿರುಗಿ ನೋಡಲಿಲ್ಲ.

"ಇನ್ನೊಬ್ರನ್ನ ಕಳಸ್ರಿ ಸರ," ಎಂದ.

ನಾನು ಒಬ್ಬೊಬ್ಬರನ್ನೇ ಅವನ ಮುಂದೆ ಕಳಿಸುತ್ತ ಹೋದೆ.